ಬಾಗಿಲು ಒದೆಯುವವನ ಕಾಲು ನೋಯುವುದಿಲ್ಲವೇ?

ಹಿಂದಿ ಕಿರುತೆರೆಯಲ್ಲಿ ಬಾಗಿಲು ಒದ್ದು ಮುರಿಯುವುದಕ್ಕೇ ಹೆಸರಾದ ಮನುಷ್ಯ ನಮ್ಮ ಉಡುಪಿ ಪಕ್ಕದ ಕಟಪಾಡಿಯವರು. 'ಸಿಐಡಿ' ಧಾರಾವಾಹಿಯ ಸೀನಿಯರ್ ಇನ್‌ಸ್ಪೆಕ್ಟರ್ ದಯಾ, ಅಂದರೆ ದಯಾನಂದ ಶೆಟ್ಟಿ. ನಾನಿರುವ ಘಾಜಿಯಾಬಾದಿನ ಇಂದಿರಾಪುರಂ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟು ಕೆಟ್ಟು ನಿಂತರೆ ಒಳಗಿದ್ದವರಲ್ಲಿ ಒಬ್ಬರಾದರೂ 'ದಯಾ, ದರ್ವಾಜಾ ತೋಡ್ ದೋ' ಅನ್ನುತ್ತಾರೆ. ಆ ದಯಾ ನಮ್ಮ ಕರಾವಳಿಯವರು, ತುಳು ನಾಟಕದಲ್ಲಿ ಪಾರ್ಟು ಮಾಡಿದವರು ಎಂದು ಹೇಳಿದರೆ ಇಲ್ಲಿಯವರು ನಂಬುವುದಿಲ್ಲ. ಅವರ ಪ್ರಕಾರ ದಯಾ ಹುಟ್ಟಿದ್ದೇ ಸಿಐಡಿ ಬ್ಯೂರೋದಲ್ಲಿ.

ನಟನಾಗುವ ಮೊದಲು ದಯಾನಂದ ಶೆಟ್ಟಿ ಕ್ರೀಡಾಪಟು. ಮಹಾರಾಷ್ಟ್ರದಲ್ಲಿ ಶಾಟ್‌ಪುಟ್ ಮತ್ತು ಡಿಸ್ಕಸ್ ಎಸೆತದಲ್ಲಿ ಹೆಸರು ಮಾಡಿದವರು. ಕಾಲಿಗೆ ಪೆಟ್ಟಾಗಿ ಮೈದಾನ ಬಿಡಬೇಕಾಯಿತು. ಆಮೇಲೆ ರಂಗಭೂಮಿ, ಅಲ್ಲಿಂದ 1998ರಲ್ಲಿ ಸಿಐಡಿ. ಕಾಲು ಕೈಕೊಟ್ಟಿದ್ದಕ್ಕೆ ಆಟ ಬಿಟ್ಟ ಮನುಷ್ಯನನ್ನು ಒಂದು ಧಾರಾವಾಹಿ ಇಪ್ಪತ್ತು ವರ್ಷ ಬಾಗಿಲು ಒದೆಯಲು ಹಚ್ಚಿತು. ನಾನು ನೋಡಿದ ಕಂತುಗಳಲ್ಲಿ ಒಮ್ಮೆಯೂ ದಯಾ ಒದ್ದಾದ ಮೇಲೆ ಮೊಣಕಾಲು ನೀವಿಕೊಂಡಿದ್ದಿಲ್ಲ. ಈ ಬರಹಕ್ಕೆ ಕಾರಣ ಇಷ್ಟೇ: ನಟನೊಬ್ಬ ತನ್ನೊಂದಿಗೆ ತಂದ ಬದುಕನ್ನು ಧಾರಾವಾಹಿ ಬಳಸಿಕೊಳ್ಳದಿದ್ದರೆ ಅವನ ವೃತ್ತಿ ಏನಾಗುತ್ತದೆ?

ಸಿಐಡಿ ಸೋನಿ ವಾಹಿನಿಯಲ್ಲಿ ಶುರುವಾದದ್ದು 1998ರ ಜನವರಿ 21ರಂದು. ಮೊದಲ ಸುತ್ತು ಮುಗಿದದ್ದು 2018ರ ಅಕ್ಟೋಬರ್ 27ರಂದು. ನಡುವೆ ಸಾವಿರದ ಐನೂರಕ್ಕೂ ಹೆಚ್ಚು ಕಂತು. 2004ರ ಅಕ್ಟೋಬರಿನಲ್ಲಿ 111 ನಿಮಿಷದ ಒಂದು ಕಂತನ್ನು ಕ್ಯಾಮೆರಾ ನಿಲ್ಲಿಸದೆ ಒಂದೇ ಶಾಟಿನಲ್ಲಿ ತೆಗೆದು ಗಿನ್ನೆಸ್ ದಾಖಲೆಯನ್ನೂ ಮಾಡಿದರು. ಎಸಿಪಿ ಪ್ರದ್ಯುಮ್ನನಾಗಿ ಶಿವಾಜಿ ಸಾಟಂ, ಅಭಿಜಿತ್ ಆಗಿ ಆದಿತ್ಯ ಶ್ರೀವಾಸ್ತವ, ದಯಾ ಆಗಿ ಶೆಟ್ಟಿ, ಡಾಕ್ಟರ್ ಸಾಳುಂಖೆಯಾಗಿ ನರೇಂದ್ರ ಗುಪ್ತಾ, ಫ್ರೆಡ್ರಿಕ್ಸ್ ಆಗಿ ದಿನೇಶ್ ಫಡ್ನಿಸ್. ಇವರ ಹೆಸರುಗಳನ್ನು ಹೀಗೆ ಜೋಡಿಯಾಗಿ ಬರೆಯದಿದ್ದರೆ ಓದುಗರಿಗೆ ಯಾರು ಯಾರೆಂದು ತಿಳಿಯುವುದಿಲ್ಲ. ಸಮಸ್ಯೆಯ ಅರ್ಧ ಭಾಗ ಅದೇ.

ಸಿಐಡಿಯನ್ನು ಗೇಲಿ ಮಾಡುವುದು ಸುಲಭ. ಇಡೀ ದೇಶವೇ ಪ್ರೀತಿಯಿಂದ ಆ ಕೆಲಸ ಮಾಡಿದೆ. ಬೆರಳು ತಿರುಗಿಸುತ್ತಾ 'ಕುಛ್ ತೋ ಗಡ್ಬಡ್ ಹೈ' ಅನ್ನುವ ಎಸಿಪಿ, ಪರೀಕ್ಷಾನಳಿಕೆಯ ಬಣ್ಣ ಬದಲಾದ ಕೂಡಲೇ ಕೊಲೆಗಾರನ ಜಾತಕ ಹೇಳುವ ಡಾಕ್ಟರು, ಒಂದು ಕಪಾಳಮೋಕ್ಷಕ್ಕೆ ಎಲ್ಲ ಒಪ್ಪಿಕೊಳ್ಳುವ ಆರೋಪಿ. ಆದರೆ ಇದನ್ನು ಕಟ್ಟಿದವರು ಸಾಧಾರಣ ಜನರಲ್ಲ. ನಿರ್ದೇಶಕ ಬಿ.ಪಿ. ಸಿಂಗ್ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಛಾಯಾಗ್ರಹಣ ಕಲಿತವರು. ಅವರ ಜೊತೆ ನಿರ್ಮಾಪಕರಾಗಿದ್ದವರು ಪ್ರದೀಪ್ ಉಪ್ಪೂರ್. ಅಡ್ಡಹೆಸರೇ ಉಡುಪಿ ಪಕ್ಕದ ಊರನ್ನು ನೆನಪಿಸುತ್ತದೆ. ಈ ಉಪ್ಪೂರ್ ಮತ್ತು ಮನಮೋಹನ ಶೆಟ್ಟಿ ಸೇರಿ 1983ರಲ್ಲಿ ನಿರ್ಮಿಸಿದ ಚಿತ್ರ ಗೋವಿಂದ ನಿಹಲಾನಿಯವರ 'ಅರ್ಧ ಸತ್ಯ'.

'ಅರ್ಧ ಸತ್ಯ'ದ ಸಬ್ ಇನ್‌ಸ್ಪೆಕ್ಟರ್ ಅನಂತ ವೇಲಣಕರನನ್ನು ಮರೆಯುವುದು ಕಷ್ಟ. ಕಾನ್‌ಸ್ಟೇಬಲ್ ಅಪ್ಪನ ಒತ್ತಾಯಕ್ಕೆ ಪೊಲೀಸ್ ಆದವನು. ಒಳಗಿನ ಸಿಟ್ಟಿಗೆ ದಾರಿ ಕಾಣದೆ ಕುಡಿಯುತ್ತಾನೆ, ಲಾಕಪ್ಪಿನಲ್ಲಿ ಸಣ್ಣ ಕಳ್ಳನೊಬ್ಬನನ್ನು ಹೊಡೆದು ಸಾಯಿಸುತ್ತಾನೆ. ಓಂ ಪುರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ. ಅದೇ ನಿರ್ಮಾಪಕರು ಹದಿನೈದು ವರ್ಷದ ನಂತರ ತಂದ ಪೊಲೀಸರಿಗೆ ಅಪ್ಪನೂ ಇಲ್ಲ, ಕುಡಿತವೂ ಇಲ್ಲ, ಬಡ್ತಿಯ ಚಿಂತೆಯೂ ಇಲ್ಲ. ಅವರು ಕೆಟ್ಟು ಹೋದರು ಎಂದು ನಾನು ಹೇಳುತ್ತಿಲ್ಲ. ವಾರವಾರ ಹೊಸ ಕೊಲೆ ಬೇಕಾದ ಕಡೆ ಪೊಲೀಸನ ಮನಸ್ಸು ಅಡ್ಡ ಬರುತ್ತದೆ. ಯಾವ ಕಂತಿನಿಂದ ನೋಡಲು ಕೂತರೂ ಅರ್ಥವಾಗಬೇಕು. ಹಾಗಾಗಿ ಪ್ರತಿ ವಾರ ಸ್ಲೇಟು ಒರೆಸಬೇಕು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಇದು ಹಿಂದಿನ ಸ್ಥಿತಿಯನ್ನು ಉಳಿಸಿಕೊಳ್ಳದ ಪ್ರೋಗ್ರಾಂ. ಪ್ರತಿ ಸಲ ಹೊಸದಾಗಿ ಓಡುತ್ತದೆ, ತಪ್ಪಿಲ್ಲದೆ ಓಡುತ್ತದೆ, ಏನನ್ನೂ ಕಲಿಯುವುದಿಲ್ಲ.

ಹಾಗಂತ ಸಿಐಡಿಗೆ ಒಳ್ಳೆಯ ಸಾಮಗ್ರಿ ಹೊಳೆಯಲೇ ಇಲ್ಲ ಎಂದಲ್ಲ. ಅಭಿಜಿತ್ ತನ್ನ ಹಿಂದಿನ ಬದುಕಿನ ನೆನಪು ಕಳೆದುಕೊಂಡವನು. ಪ್ರದ್ಯುಮ್ನನ ಮಗ ನಕುಲ್ ಅಪರಾಧಿಯಾಗಿ ಅಪ್ಪನ ಗುಂಡಿಗೇ ಸಾಯುತ್ತಾನೆ. ಈ ಎರಡರಲ್ಲಿ ಒಂದನ್ನು ಹಿಡಿದರೂ ಇನ್ನೊಬ್ಬ ಬರಹಗಾರ ಐದು ವರ್ಷ ನಡೆಸಬಲ್ಲ. ಸಿಐಡಿ ಇವನ್ನು ಹಬ್ಬದ ಸೀರೆಯ ಹಾಗೆ ವಿಶೇಷ ಕಂತುಗಳಿಗೆ ಹೊರತೆಗೆದು ಮತ್ತೆ ಟ್ರಂಕಿಗೆ ಹಾಕಿಟ್ಟಿತು. ಮಗನನ್ನು ಕೊಂದ ಅಪ್ಪ ಮುಂದಿನ ಕಂತಿನಲ್ಲಿ ಮತ್ತೆ ಅದೇ ಬೆರಳು ತಿರುಗಿಸುತ್ತಾ ನಿಂತ.

ಇದರ ಬೆಲೆ ತೆತ್ತವರು ನಟರು. ಎಲ್ಲರೂ ಒಂದೇ ಬೆಲೆ ತೆರಲಿಲ್ಲ ಅನ್ನುವುದು ಇಲ್ಲಿ ಕುತೂಹಲದ ವಿಷಯ.

ಶಿವಾಜಿ ಸಾಟಂ ಬ್ಯಾಂಕ್ ನೌಕರಿಯಲ್ಲಿದ್ದುಕೊಂಡು ಮರಾಠಿ ನಾಟಕಗಳಿಂದ ಬಂದವರು. ಸಿಐಡಿ ಶುರುವಾದ ಹೊತ್ತಿಗೆ ಅವರಿಗೆ ವಯಸ್ಸು ಐವತ್ತರ ಹತ್ತಿರ. 'ವಾಸ್ತವ್' ಚಿತ್ರದಲ್ಲಿ ಸಂಜಯ್ ದತ್ತರ ಅಪ್ಪ, 'ನಾಯಕ್'ನಲ್ಲಿ ಅನಿಲ್ ಕಪೂರರ ಅಪ್ಪ. ಹೀಗೆ ಸಿನಿಮಾ ಅವರಿಗೆ ಕೊಟ್ಟದ್ದು ಅಪ್ಪನ ಪಾತ್ರಗಳನ್ನು. ಅದೇ ಕಾಲದಲ್ಲಿ ಮರಾಠಿಯ 'ಉತ್ತರಾಯಣ'ದಲ್ಲಿ ವಯಸ್ಸಾದ ಮೇಲೆ ಹಳೆಯ ಗೆಳತಿಯನ್ನು ಮತ್ತೆ ಕಾಣುವ ಗಂಡಸಾಗಿ ನೀನಾ ಕುಳಕರ್ಣಿಯವರ ಎದುರು ಎಷ್ಟು ಮೆತ್ತಗೆ ನಟಿಸಿದರೆಂದರೆ, ಇದೇ ಮನುಷ್ಯನೇ ಆ ಎಸಿಪಿ ಎಂದು ಕೇಳಬೇಕು. ಅವರ ಭಾಷೆಯ ಸಿನಿಮಾದಲ್ಲಿ ಅವರಿಗೊಂದು ಮನೆ ಇತ್ತು. ಸಿಐಡಿ ಅವರ ಆಫೀಸು.

ಆದಿತ್ಯ ಶ್ರೀವಾಸ್ತವ ಅಲಹಾಬಾದಿನವರು, ದೆಹಲಿಯ ರಂಗಭೂಮಿಯಲ್ಲಿ ಪಳಗಿ ಮುಂಬೈಗೆ ಹೋದವರು. 'ಬ್ಯಾಂಡಿಟ್ ಕ್ವೀನ್'ನಲ್ಲಿ ಎಳೆ ಹುಡುಗಿಯನ್ನು ಮದುವೆಯಾಗುವ ಪುತ್ತಿಲಾಲ್. 1998ರಲ್ಲೇ ಬಂದ 'ಸತ್ಯ'ದಲ್ಲಿ ಇನ್‌ಸ್ಪೆಕ್ಟರ್ ಖಾಂಡಿಲ್ಕರ್. ಸಿಐಡಿಯಲ್ಲಿದ್ದುಕೊಂಡೇ ಅನುರಾಗ್ ಕಶ್ಯಪ್ ಅವರ 'ಬ್ಲ್ಯಾಕ್ ಫ್ರೈಡೇ'ಯಲ್ಲಿ ಬಾದಶಾ ಖಾನ್ ಆದರು. ಬಾಂಬ್ ಸ್ಫೋಟದ ಆರೋಪಿ. ಯಜಮಾನರು ಕೈಬಿಟ್ಟ ಮೇಲೆ ಊರಿಂದೂರಿಗೆ ಓಡುತ್ತಾ, ದುಡ್ಡು ಮುಗಿದು, ಧೈರ್ಯ ಮುಗಿದು, ಕೊನೆಗೆ ಪೊಲೀಸರ ಎದುರು ಕೂರುವವನು. ಟಿವಿಯಲ್ಲಿ ವಾರವಾರ ಆರೋಪಿಗಳನ್ನು ಪ್ರಶ್ನಿಸುತ್ತಿದ್ದ ನಟ ಇಲ್ಲಿ ಮೇಜಿನ ಆ ಕಡೆ ಕೂತಿದ್ದಾರೆ. ತಾನು ಮಾಡಿದ್ದು ಧರ್ಮವೋ ಮೂರ್ಖತನವೋ ಎಂದು ಅವನಿಗೆ ನಿಧಾನವಾಗಿ ಹೊಳೆಯುವುದನ್ನು ಅವರು ಬರೀ ಕಣ್ಣಿನಲ್ಲಿ ತೋರಿಸುತ್ತಾರೆ. ಆದರೆ ನಮ್ಮ ಅಕ್ಕಪಕ್ಕದವರನ್ನು ಕೇಳಿ ನೋಡಿ, ಬಾದಶಾ ಖಾನ್ ಯಾರಿಗೂ ನೆನಪಿಲ್ಲ. ಅಭಿಜಿತ್ ಎಲ್ಲರಿಗೂ ಗೊತ್ತು. 2024ರಲ್ಲಿ ನೆಟ್‌ಫ್ಲಿಕ್ಸಿನ 'ಭಕ್ಷಕ್'ನಲ್ಲಿ ಬಾಲಿಕಾಗೃಹ ನಡೆಸುವ ಬನ್ಸಿ ಸಾಹು ಆಗಿ ಅವರು ಬಂದಾಗ ಜನ ಬೆಚ್ಚಿದ್ದು ಸಹಜ.

ದಯಾನಂದ ಶೆಟ್ಟಿಗೆ ಮಾತ್ರ ಈ ಎರಡನೇ ಬಾಗಿಲು ತೆರೆಯಲಿಲ್ಲ. 'ಜಾನಿ ಗದ್ದಾರ್' (2007) ಚಿತ್ರದಲ್ಲಿ ಶ್ರೀರಾಮ್ ರಾಘವನ್ ಅವರಿಗೆ ಶಿವಾ ಎಂಬ ಪಾತ್ರ ಕೊಟ್ಟರು. ಆ ದೊಡ್ಡ ಮೈಯೊಳಗೆ ಒಂದು ಮುಗ್ಧತನ ಇದೆ ಎಂದು ಕಂಡುಕೊಂಡ ನಿರ್ದೇಶಕ ಅವರು. ಅಂಥವರು ಮತ್ತೆ ಹೆಚ್ಚು ಸಿಗಲಿಲ್ಲ. 2014ರ 'ಸಿಂಘಂ ರಿಟರ್ನ್ಸ್'ನಲ್ಲಿ ಅವರು ದಯಾ ಎಂಬ ಹೆಸರಿನ ಪೊಲೀಸನೇ ಆಗಿದ್ದರು, ಬಾಗಿಲನ್ನೂ ಒಡೆದರು, ಥಿಯೇಟರು ಚಪ್ಪಾಳೆ ಹೊಡೆಯಿತು. ಸಿಐಡಿ ಮುಗಿದ ಮರುವರ್ಷ ಇನ್ನೊಂದು ವಾಹಿನಿಯ 'ಸಿಐಎಫ್' ಎಂಬ ಧಾರಾವಾಹಿಯಲ್ಲಿ ಮತ್ತೆ ಪೊಲೀಸ್ ಅಧಿಕಾರಿ. ಮುಖದಿಂದ ಗುರುತಾದ ನಟನಿಗೆ ಬೇರೆ ಪಾತ್ರ ಸಿಗಬಹುದು. ಮೈಯಿಂದ ಗುರುತಾದವನಿಗೆ ಸಿಗುವುದು ಅದೇ ಮೈಯ ಕೆಲಸ. ಕರಾವಳಿಯಿಂದ ಮುಂಬೈಗೆ ಹೋದವರಿಗೆ ಇದು ಹಳೆಯ ಕಥೆ. ರೋಹಿತ್ ಶೆಟ್ಟಿಯವರ ತಂದೆ ಎಂ.ಬಿ. ಶೆಟ್ಟಿ ಎಷ್ಟೋ ಹಿಂದಿ ಚಿತ್ರಗಳಲ್ಲಿ ಬೋಳುತಲೆಯ ರೌಡಿಯಾಗಿಯೇ ಹೊಡೆದಾಡಿದರು.

ಬಿಟ್ಟು ಹೋದವರೂ ಇದ್ದಾರೆ. ಶುರುವಿನ ಕಂತುಗಳಲ್ಲಿ ಇನ್‌ಸ್ಪೆಕ್ಟರ್ ವೀರೇಂದ್ರನಾಗಿದ್ದವರು ಆಶುತೋಷ್ ಗೋವಾರಿಕರ್. ಬೇಗ ಹೊರಬಿದ್ದು 2001ರಲ್ಲಿ 'ಲಗಾನ್' ಮಾಡಿದರು. ಇನ್‌ಸ್ಪೆಕ್ಟರ್ ವಿವೇಕ್ ಆಗಿದ್ದ ವಿವೇಕ್ ಮಶ್ರೂ ನಟನೆ ಬಿಟ್ಟು ನಮ್ಮ ಬೆಂಗಳೂರಿನಲ್ಲಿ ವಿಶ್ವವಿದ್ಯಾಲಯದ ಮೇಷ್ಟರಾದರು. ನಮ್ಮಲ್ಲಿ ಎಷ್ಟೋ ಜನ ಬೆಂಗಳೂರು ಬಿಟ್ಟು ಇತ್ತ ಬಂದೆವು, ಅವರು ಪರದೆ ಬಿಟ್ಟು ಅತ್ತ ಹೋದರು. ಇನ್ನು ಹೋಗದೆ ಉಳಿದವರು ದಿನೇಶ್ ಫಡ್ನಿಸ್. 2023ರ ಡಿಸೆಂಬರ್ 5ರಂದು ಅವರು ತೀರಿಕೊಂಡಾಗ ಜನ ಅತ್ತದ್ದು ಫ್ರೆಡ್ರಿಕ್ಸ್‌ಗಾಗಿ. ನಟನಿಗೆ ಇದು ಗೌರವವೂ ಹೌದು. ಆದರೆ ಅವನ ಹೆಸರೇ ಆ ಗೌರವದೊಳಗೆ ಕಾಣುವುದಿಲ್ಲ.

ಇಲ್ಲಿ ನನ್ನಂಥ ಸಂಬಳದವರು ಒಂದು ಮಾತು ಹೇಳಲೇಬೇಕು. ನಟನೆಯಂಥ ಭದ್ರತೆಯಿಲ್ಲದ ಕಸುಬಿನಲ್ಲಿ ಇಪ್ಪತ್ತು ವರ್ಷ ತಿಂಗಳು ತಿಂಗಳೂ ಕೆಲಸ ಸಿಗುವುದು ಸಣ್ಣ ಮಾತಲ್ಲ. ಮಕ್ಕಳ ಫೀಸು, ಮನೆಯ ಕಂತು, ಅಪ್ಪ ಅಮ್ಮನ ಔಷಧಿ ಇವೆಲ್ಲ ಕಲೆಯ ಪ್ರಶ್ನೆಗಳಲ್ಲ, ಆದರೆ ಕಲಾವಿದನ ಪ್ರಶ್ನೆಗಳು. ಒಂದೇ ಪ್ರಾಜೆಕ್ಟಿನಲ್ಲಿ ಹನ್ನೆರಡು ವರ್ಷ ಕಳೆದ ಎಂಜಿನಿಯರನನ್ನು ಯಾರೂ ಪ್ರತಿಭೆ ಹಾಳುಮಾಡಿಕೊಂಡ ಎಂದು ಬಯ್ಯುವುದಿಲ್ಲ. ನಟನನ್ನು ಮಾತ್ರ ಯಾಕೆ ಬಯ್ಯಬೇಕು? ಸಿಐಡಿ ತನ್ನ ಜನರನ್ನು ಸಾಕಿತು. ಅದನ್ನು ಮರೆತು ಬರೆಯುವ ವಿಮರ್ಶೆ ಹೊಟ್ಟೆ ತುಂಬಿದವರ ವಿಮರ್ಶೆ.

ಹಾಗಾದರೆ ತಪ್ಪು ಎಲ್ಲಿದೆ? ಒಂದೇ ಪಾತ್ರವನ್ನು ತುಂಬ ಕಾಲ ಮಾಡಿದ್ದರಲ್ಲಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. 'ಕರಮಚಂದ್' ಬೇಗ ಮುಗಿದದ್ದಕ್ಕೇ ಪಂಕಜ್ ಕಪೂರ್ 'ಏಕ್ ಡಾಕ್ಟರ್ ಕಿ ಮೌತ್'ಗೆ ಬಂದರು, 'ಬ್ಯೋಮಕೇಶ್ ಬಕ್ಷಿ' ಮೂವತ್ತನಾಲ್ಕು ಕಂತಿಗೆ ನಿಂತದ್ದಕ್ಕೇ ರಜಿತ್ ಕಪೂರ್ ಅದರ ಕೈಗೆ ಸಿಕ್ಕಿಕೊಳ್ಳಲಿಲ್ಲ ಎಂದು ವಾದ. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ, ಯಾಕೆಂದರೆ ದಯಾನಂದ ಶೆಟ್ಟಿಯವರ ಕರಾವಳಿಯಲ್ಲೇ ಇದಕ್ಕೆ ಉತ್ತರವಿದೆ. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯನ್ನು ಎಷ್ಟು ದಶಕ ಮಾಡಿದರು? ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಭಸ್ಮಾಸುರನನ್ನು ಎಷ್ಟು ರಾತ್ರಿ ಕುಣಿದರು? ಪ್ರಸಂಗ ಅದೇ, ಪದ್ಯ ಅದೇ, ಕೊನೆಯೂ ಅದೇ. ಆದರೂ ಜನ ಮತ್ತೆ ಮತ್ತೆ ಹೋದರು. ಎಂಬತ್ತು ದಾಟಿದ ಚಿಟ್ಟಾಣಿಯವರ ಹೆಜ್ಜೆಯಲ್ಲಿ ಆ ವಯಸ್ಸೂ ಕಾಣುತ್ತಿತ್ತು, ಅದು ಪಾತ್ರಕ್ಕೆ ಇನ್ನೊಂದು ಬಣ್ಣ ಕೊಡುತ್ತಿತ್ತು. ಯಕ್ಷಗಾನದಲ್ಲಿ ಪದ್ಯಕ್ಕೂ ಅರ್ಥಕ್ಕೂ ನಡುವೆ ಕಲಾವಿದನಿಗೆ ಜಾಗ ಇದೆ. ಆ ದಿನದ ಮನಸ್ಸು, ಎದುರು ವೇಷಧಾರಿಯ ಮಾತು, ತಾನು ಓದಿದ್ದು, ಅನುಭವಿಸಿದ್ದು ಎಲ್ಲ ಅಲ್ಲಿಗೆ ಬರುತ್ತದೆ. ಪುನರಾವರ್ತನೆ ನಟನನ್ನು ಕೊಲ್ಲುವುದಿಲ್ಲ. ಜಾಗವಿಲ್ಲದ ಪುನರಾವರ್ತನೆ ಕೊಲ್ಲುತ್ತದೆ.

ಕನ್ನಡದ ಟಿವಿಯಲ್ಲೂ ಒಂದು ಉದಾಹರಣೆ ಇದೆ. ಟಿ.ಎನ್. ಸೀತಾರಾಮ್ ಅವರ ವಕೀಲ ಸಿ.ಎಸ್.ಪಿ.ಯನ್ನು ಜನ ಹಾಗೇ ಗುರುತಿಸುತ್ತಾರೆ. ಆದರೆ ಆ ಪಾತ್ರವನ್ನು ಬರೆದವರೂ ಅವರೇ, ನಿರ್ದೇಶಿಸಿದವರೂ ಅವರೇ. ತನಗೆ ಬೇಕಾದ ಜಾಗವನ್ನು ತಾನೇ ಮಾಡಿಕೊಳ್ಳಬಹುದಿತ್ತು. ಬಾಗಿಲು ಒದೆಯುವ ನಟನಿಗೆ ಆ ಅಧಿಕಾರ ಇಲ್ಲ.

ಈ ಜಾಗವನ್ನು ಬರವಣಿಗೆಯೇ ಕೊಟ್ಟರೆ ಏನಾಗುತ್ತದೆ ಎಂದು ನೋಡಲು ನಾವು ದೆಹಲಿಯ ಸುತ್ತಮುತ್ತಲೇ ಹುಡುಕಬಹುದು. 2020ರ ಮೇ 15ರಂದು ಬಂದ 'ಪಾತಾಳ್ ಲೋಕ್'ನ ಠಾಣೆ ಇರುವುದು ಯಮುನೆಯ ಈಚೆ, ಇಲ್ಲಿಯವರು ಜಮ್ನಾಪಾರ್ ಅನ್ನುವ ಕಡೆ. ನಮ್ಮಂಥವರು ಬ್ಲೂ ಲೈನ್ ಮೆಟ್ರೋದಲ್ಲಿ ವೈಶಾಲಿಗೆ ಬರುವಾಗ ಮೇಲಿಂದ ದಾಟಿ ಬರುವ ಭಾಗ. ಇನ್‌ಸ್ಪೆಕ್ಟರ್ ಹಾಥೀರಾಮ್ ಚೌಧರಿ ಮೊದಲಲ್ಲೇ ತನ್ನ ಕಿರಿಯ ಅನ್ಸಾರಿಗೆ ದೆಹಲಿಯ ಮೂರು ಲೋಕಗಳನ್ನು ವಿವರಿಸುತ್ತಾನೆ. ಸ್ವರ್ಗ, ಭೂಮಿ, ಪಾತಾಳ. ತಮ್ಮ ಠಾಣೆ ಇರುವುದು ಕೊನೆಯದರಲ್ಲಿ. ಹಾಥೀರಾಮ್ ಸ್ವತಃ ವೃತ್ತಿಯಲ್ಲಿ ನಿಂತುಹೋದವನು. ಮನೆಯಲ್ಲಿ ಮಗನ ಕಣ್ಣಿಗೂ ಚಿಕ್ಕವನು. ದೊಡ್ಡ ಕೇಸು ಕೈಗೆ ಬಂದದ್ದೂ ಅವನು ಅದನ್ನು ಬಗೆಹರಿಸಲಾರ ಎಂಬ ಲೆಕ್ಕಾಚಾರದಿಂದ.

ಈ ಪಾತ್ರ ಮಾಡಿದ ಜೈದೀಪ್ ಅಹ್ಲಾವತ್ ರೋಹ್ತಕ್ ಜಿಲ್ಲೆಯವರು. ಸೇನೆ ಸೇರಬೇಕೆಂದು ಹೋಗಿ ಸಂದರ್ಶನದಲ್ಲಿ ಆಯ್ಕೆಯಾಗದೆ ವಾಪಸಾದವರು. 2008ರಲ್ಲಿ ಪುಣೆಯ ಇನ್‌ಸ್ಟಿಟ್ಯೂಟಿನಿಂದ ಹೊರಬಂದರು. ಸಹಪಾಠಿಗಳಾದ ರಾಜ್‌ಕುಮಾರ್ ರಾವ್ ಮುಂದೆ ಹೋದರು, ಇವರು 'ಗ್ಯಾಂಗ್ಸ್ ಆಫ್ ವಾಸೇಪುರ್'ನಲ್ಲಿ ಶಾಹಿದ್ ಖಾನ್ ಆಗಿ ಕಾಣಿಸಿ, 'ರಾಝಿ'ಯಲ್ಲಿ ತರಬೇತುದಾರ ಖಾಲಿದ್ ಮೀರ್ ಆಗಿ ಗಮನ ಸೆಳೆದು, ನಲವತ್ತನೇ ವಯಸ್ಸಿಗೆ ಪ್ರಧಾನ ಪಾತ್ರಕ್ಕೆ ಬಂದರು. ಹಿಂದೆ ಬಿದ್ದವನ ದೇಹ ಹೇಗಿರುತ್ತದೆಂದು ಅವರಿಗೆ ಗೊತ್ತಿತ್ತು, ಸುದೀಪ್ ಶರ್ಮಾ ಅವರ ಬರವಣಿಗೆ ಅದಕ್ಕೆ ಜಾಗ ಕೊಟ್ಟಿತು. 2025ರ ಜನವರಿಯಲ್ಲಿ ಎರಡನೇ ಭಾಗ ಬಂದಾಗ ಅನ್ಸಾರಿ ಐಪಿಎಸ್ ಪಾಸು ಮಾಡಿ ಹಾಥೀರಾಮನ ಮೇಲಧಿಕಾರಿಯಾಗಿದ್ದ. ನಿನ್ನೆಯವರೆಗೆ 'ನೀನು' ಎನ್ನುತ್ತಿದ್ದವನನ್ನು ಇಂದು 'ಸರ್' ಅನ್ನಬೇಕಾದವನ ಆ ತಡವರಿಕೆ ಯಾವ ಆಫೀಸಿನಲ್ಲಿ ಕೆಲಸ ಮಾಡಿದವರಿಗೂ ಗೊತ್ತು. ಅದರಲ್ಲಿ ಹೊಟ್ಟೆಕಿಚ್ಚಿಲ್ಲ, ಹೆಮ್ಮೆ ಇದೆ, ಸ್ವಲ್ಪ ನೋವೂ ಇದೆ. ಸಿಐಡಿಯ ಬ್ಯೂರೋದಲ್ಲಿ ಎಸಿಪಿ ಇಪ್ಪತ್ತು ವರ್ಷವೂ ಎಸಿಪಿಯೇ. ಹಾಗಾಗಿ ಇಂಥ ಒಂದು ದೃಶ್ಯಕ್ಕೆ ಅಲ್ಲಿ ಎಡೆಯೇ ಇಲ್ಲ.

ಇನ್ನೊಬ್ಬರ ಕಥೆ ನಮಗೆ ಇನ್ನೂ ಹತ್ತಿರದ್ದು. 2019ರ 'ಡೆಲ್ಲಿ ಕ್ರೈಮ್'ನಲ್ಲಿ ಡಿಸಿಪಿ ವರ್ತಿಕಾ ಚತುರ್ವೇದಿಯಾದ ಶೆಫಾಲಿ ಶಾ ಮೊದಲು ಶೆಫಾಲಿ ಶೆಟ್ಟಿ. ತಂದೆ ಕರಾವಳಿ ಮೂಲದವರು. ಅವರಿಗೆ ತುಳು ಬರುತ್ತದೆ. ಸಿಐಡಿ ಶುರುವಾದ 1998ರಲ್ಲೇ 'ಸತ್ಯ'ದಲ್ಲಿ ಭೀಕೂ ಮಾತ್ರೆಯ ಹೆಂಡತಿ ಪ್ಯಾರಿಯಾಗಿ ಮಿಂಚಿದರು. ಅಂಥ ನಟಿಗೆ 2005ರ 'ವಕ್ತ್'ನಲ್ಲಿ ತನಗಿಂತ ದೊಡ್ಡವರಾದ ಅಕ್ಷಯ್ ಕುಮಾರರ ತಾಯಿಯ ಪಾತ್ರ ಸಿಕ್ಕಿತು. ಹೆಣ್ಣಿಗೆ ಹಿಂದಿ ಚಿತ್ರರಂಗ ಕೊಡುವ ಬಡ್ತಿ ಅದು. 'ಡೆಲ್ಲಿ ಕ್ರೈಮ್' ಬಂದಾಗ ಅವರಿಗೆ ನಲವತ್ತಾರರ ಹತ್ತಿರ. 2012ರ ಡಿಸೆಂಬರಿನ ಆ ಪ್ರಕರಣ ಈ ಊರಲ್ಲಿರುವ ಎಲ್ಲರ ಮೈಮೇಲೂ ಗೀರು ಬಿಟ್ಟಿದೆ. ಅದನ್ನು ಹೇಳುವಾಗ ವರ್ತಿಕಾ ಬಾಗಿಲು ಒಡೆಯುವುದಿಲ್ಲ. ನಿದ್ದೆಗೆಟ್ಟು ಫೋನು ಮಾಡುತ್ತಾಳೆ, ಬಯ್ಯುತ್ತಾಳೆ, ಗಾಡಿ ಇಲ್ಲ, ಜನ ಇಲ್ಲ ಎಂಬ ನೆಪಗಳ ನಡುವೆ ಕೆಲಸ ತೆಗೆಯುತ್ತಾಳೆ, ಈ ಊರು ಬಿಟ್ಟು ಹೋಗಬೇಕೆನ್ನುವ ಮಗಳಿಗೆ ಉತ್ತರ ಕೊಡಲಾಗದೆ ಸುಮ್ಮನಾಗುತ್ತಾಳೆ. 2020ರಲ್ಲಿ ಆ ಸರಣಿಗೆ ಅಂತಾರಾಷ್ಟ್ರೀಯ ಎಮ್ಮಿ ಬಂತು. ನಂತರ ಅಹ್ಲಾವತ್ ಮತ್ತು ಶೆಫಾಲಿ ಇಬ್ಬರೂ 'ಪಾತಾಳ್ ಲೋಕ್' ನಿರ್ದೇಶಕರಲ್ಲಿ ಒಬ್ಬರಾದ ಅವಿನಾಶ್ ಅರುಣ್ ಅವರ 'ಥ್ರೀ ಆಫ್ ಅಸ್'ನಲ್ಲಿ ಸಮವಸ್ತ್ರ ಕಳಚಿಟ್ಟು ಕೊಂಕಣದಲ್ಲಿ ಹಳೆಯ ಗೆಳೆಯರಾಗಿ ಭೇಟಿಯಾದರು. ಪೊಲೀಸ್ ಪಾತ್ರ ಇವರಿಬ್ಬರಿಗೆ ಸೆರೆಮನೆಯಾಗಲಿಲ್ಲ, ಹೊರಗೆ ಹೋಗುವ ದಾರಿಯಾಯಿತು.

ಹೊಸದೆಲ್ಲ ಒಳ್ಳೆಯದೆಂದು ಇದರ ಅರ್ಥವಲ್ಲ. ಎಂಟೋ ಒಂಬತ್ತೋ ಕಂತಿನ ಸರಣಿ ಮುಗಿದ ಮೇಲೆ ಮುಂದಿನದು ಬರಲು ವರ್ಷಗಟ್ಟಲೆ ಕಾಯಬೇಕು. 'ಪಾತಾಳ್ ಲೋಕ್'ನ ಎರಡು ಭಾಗಗಳ ನಡುವೆ ನಾಲ್ಕೂವರೆ ವರ್ಷ ಕಳೆಯಿತು. ಅಷ್ಟು ಕಾಲ ಮುಖ್ಯ ನಟನಿಗೆ ಬೇರೆ ಕೆಲಸ ಸಿಗುತ್ತದೆ, ಠಾಣೆಯ ಹಿಂದಿನ ಬೆಂಚಿನಲ್ಲಿ ಕೂತ ಕಾನ್‌ಸ್ಟೇಬಲ್ ನಟನಿಗೆ? ನಮ್ಮವರಿಗೆ ಸಿಗುವ ಪಾತ್ರಗಳೂ ಯೋಚಿಸುವಂಥವೇ. ಕನ್ನಡದಲ್ಲಿ 'ಅಟ್ಟಹಾಸ'ದ ವೀರಪ್ಪನ್ ಆಗಿ, 'ಕಾಂತಾರ'ದ ಅರಣ್ಯಾಧಿಕಾರಿಯಾಗಿ ಎರಡೂ ಬದಿ ನಿಂತು ತೋರಿಸಿದ ಕಿಶೋರ್, ಹಿಂದಿಯ 'ಶೀ'ಯಲ್ಲಿ ನಾಯಕ್ ಎಂಬ ಮಾದಕವಸ್ತು ಜಾಲದ ಧಣಿ. 'ದಿ ಫ್ಯಾಮಿಲಿ ಮ್ಯಾನ್'ನಲ್ಲಿ ಪೊಲೀಸ್ ಅಧಿಕಾರಿ ಪಾಶಾ ಆಗಿ ಸಿಕ್ಕ ಸ್ವಲ್ಪ ಜಾಗದಲ್ಲೇ ಅವರು ಉಳಿದವರಿಗಿಂತ ನಿಜವಾಗಿ ಕಾಣುತ್ತಾರೆ. ಆದರೂ ಅದು ಸ್ವಲ್ಪ ಜಾಗವೇ.

ಸಿಐಡಿ 2024ರ ಡಿಸೆಂಬರ್ 21ರಿಂದ ಮತ್ತೆ ಶುರುವಾಯಿತು. ಈ ಸಲ ಪ್ರೋಮೋದಲ್ಲೇ ಅಭಿಜಿತ್ ಗೆಳೆಯ ದಯಾನಿಗೆ ಗುಂಡು ಹಾರಿಸಿದ. ಅಂದರೆ ಇಷ್ಟು ವರ್ಷಗಳ ಮೇಲೆ ಪಾತ್ರಗಳಿಗೂ ಒಂದು ಚರಿತ್ರೆ ಬೇಕೆಂದು ಅವರಿಗೂ ಅನಿಸಿದೆ. ಅದನ್ನು ಇನ್ನೂ ಸ್ಟಂಟಾಗಿಯೇ ಬಳಸುತ್ತಾರೆ ಅನ್ನುವುದು ನನ್ನ ದೂರು. ದಯಾನಂದ ಶೆಟ್ಟಿಗೆ ಈಗ ಐವತ್ತೈದು ದಾಟಿದೆ. ಡಿಸ್ಕಸ್ ಎಸೆಯುತ್ತಿದ್ದ ತೋಳು, ಪೆಟ್ಟಾದ ಕಾಲು, ತುಳು ನಾಟಕದ ಮಾತುಗಾರಿಕೆ, ಊರು ಬಿಟ್ಟು ಬೇರೊಂದು ಭಾಷೆಯಲ್ಲಿ ಬದುಕು ಕಟ್ಟಿದವನ ಅನುಭವ ಎಲ್ಲ ಅವರ ಬಳಿ ಇದೆ. ಮೊಣಕಾಲು ನೋಯುವ, ಒದೆಯುವ ಮುನ್ನ ಒಮ್ಮೆ ಬಾಗಿಲು ತಟ್ಟಿ ನೋಡೋಣ ಅನ್ನುವ ಒಬ್ಬ ವಯಸ್ಸಾದ ಇನ್‌ಸ್ಪೆಕ್ಟರನನ್ನು ಅವರಿಗಾಗಿ ಬರೆಯಲು ಮುಂಬೈಗೆ ಆಗದಿದ್ದರೆ ಮಂಗಳೂರಿನವರೋ ಬೆಂಗಳೂರಿನವರೋ ಬರೆಯಲಿ. ಎಂಟು ಕಂತು ಸಾಕು. ನಾವು ಇಲ್ಲಿ ಕೂತು ನೋಡುತ್ತೇವೆ, ಪಕ್ಕದ ಮನೆಯವರಿಗೂ ಸಬ್‌ಟೈಟಲ್ ಹಾಕಿ ತೋರಿಸುತ್ತೇವೆ.